ನದಾಫ, ಪಿಂಜಾರ, ದೂದೇಕುಲ: ಹತ್ತಿ ಹಿಂಜುವವರ ಅಡ್ಡಹೆಸರು ಎಲ್ಲಿಂದ ಬಂತು?

ಮುಳಗುಂದ ನಾಕಾ

ಎಲ್ಲರಿಗೂ ನಮಸ್ಕಾರ. ನನ್ನ ಅಡ್ಡಹೆಸರು ನದಾಫ. ಊರು ಗದಗ, ಕೆಲಸ ಬೆಂಗಳೂರಲ್ಲಿ. ಇಲ್ಲಿ ಹೆಸರು ಹೇಳಿದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಇದು ಯಾವ ದೇಶದ ಹೆಸರು? ಮನೆಯಲ್ಲಿ ಉರ್ದು ತಾನೇ ಮಾತಾಡೋದು? ನಮ್ಮ ಮನೆಮಾತು ಕನ್ನಡ. ಅವ್ವ ಜಗಳ ಆಡೋದು, ಜೋಗುಳ ಹಾಡೋದು ಎಲ್ಲಾ ಕನ್ನಡದಲ್ಲೇ. ನಮಾಜಿಗೆ ಅರಬ್ಬಿ ಕಲಿತಿದ್ದೇವೆ, ಅಷ್ಟೇ.

ನನಗೆ ಗೊಂದಲ ಇರೋದು ಬೇರೆ ಕಡೆ. ಅಪ್ಪನ ಶಾಲೆಯ ದಾಖಲೆಯಲ್ಲಿ ಪಿಂಜಾರ ಅಂತ ಇದೆ. ನನ್ನದರಲ್ಲಿ ನದಾಫ. ಬಳ್ಳಾರಿ ಕಡೆಯ ಬೀಗರು ತಮ್ಮನ್ನು ದೂದೇಕುಲದವರು ಅಂತ ಹೇಳಿಕೊಳ್ಳುತ್ತಾರೆ. ಹಿರಿಯರು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು ಅನ್ನೋದು ಎಲ್ಲರಿಗೂ ಗೊತ್ತು. ಈ ಮೂರೂ ಒಂದೇನಾ? ಯಾವ ಹೆಸರು ಹಳೆಯದು? ತಿಳಿದವರು ಸ್ವಲ್ಪ ವಿವರವಾಗಿ ಬರೆಯಿರಿ. ನನ್ನ ಮಗಳಿಗೆ ಸರಿಯಾಗಿ ಹೇಳಬೇಕು.

ಪದಮೂಲ

ಮೂರೂ ಒಂದೇ ಕಸುಬಿನ ಹೆಸರು, ಭಾಷೆ ಮಾತ್ರ ಬೇರೆ.

ಮೊದಲು ಪಿಂಜಾರ. ಕನ್ನಡದಲ್ಲಿ ಅರಳೆಯನ್ನು ಬಿಡಿಬಿಡಿ ಮಾಡೋದಕ್ಕೆ ಹಿಂಜು ಅನ್ನುತ್ತೇವೆ. ಹಳಗನ್ನಡದಲ್ಲಿ ಅದು ಪಿಂಜು. ಪಾಲು ಹಾಲಾಯಿತು, ಪೂ ಹೂವಾಯಿತು, ಹಾಗೇ ಪಿಂಜು ಹಿಂಜು ಆಯಿತು. ನೂಲೋದಕ್ಕೆ ಸುತ್ತಿಟ್ಟ ಹತ್ತಿಯ ಸುರುಳಿಗೆ ಹಂಜಿ ಅಂತೀವಲ್ಲ, ಅದೂ ಹಳೆಯ ಪಂಜಿ. ತಮಿಳಿನಲ್ಲಿ ಇವತ್ತಿಗೂ ಹತ್ತಿಗೆ ಪಂಜು. ಸಂಸ್ಕೃತದಲ್ಲಿ ಹತ್ತಿ ಹಿಂಜುವ ಬಿಲ್ಲಿಗೆ ಪಿಂಜನ ಅನ್ನುವ ಪದ ಇದೆ. ಮರಾಠಿಯಲ್ಲಿ ಪಿಂಜಾರಿ, ಗುಜರಾತಿಯಲ್ಲಿ ಪಿಂಜಾರಾ. ಕುಂಬಾರ, ಕಮ್ಮಾರ ಪದಗಳ ಕೊನೆಯಲ್ಲಿರುವ ‘ಆರ’ವೇ ಪಿಂಜಾರದ ಕೊನೆಯಲ್ಲೂ ಇರೋದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕನ್ನಡದ ಒಳಗೇ ಹುಟ್ಟಿ ಹಳಗನ್ನಡದಿಂದ ಬಂದಿದ್ದರೆ ಇದು ಹಿಂಜಾರ ಆಗಬೇಕಿತ್ತು. ಪಕಾರ ಹಾಗೇ ಉಳಿದಿದೆ. ಆದ್ದರಿಂದ ಪಕಾರ ಹಕಾರವಾಗುವ ಕಾಲ ಮುಗಿದ ಮೇಲೆ ಮರಾಠಿ ಅಥವಾ ದಖನಿ ಮಾತಿನ ಮೂಲಕ ಈ ಹೆಸರು ಕನ್ನಡಕ್ಕೆ ಬಂದಿರಬೇಕು ಅನ್ನೋದು ನನ್ನ ಅಭಿಪ್ರಾಯ. ಕೆಲಸಕ್ಕೆ ಹಿಂಜು ಅನ್ನುವ ನಮ್ಮದೇ ಕ್ರಿಯಾಪದ, ಕೆಲಸಗಾರನಿಗೆ ಪಿಂಜಾರ ಅನ್ನುವ ಹೊರಗಿನ ನಾಮಪದ. ಎರಡೂ ಒಂದೇ ಬಾಯಲ್ಲಿ ಬದುಕಿವೆ.

ಇನ್ನು ನದಾಫ. ಇದು ಅರಬ್ಬಿಯ ನದ್ದಾಫ್. ಅರ್ಥ ಹತ್ತಿ ಹಿಂಜುವವನು, ಅದರಾಚೆಗೆ ಏನೂ ಇಲ್ಲ. ಅರಬ್ಬಿಯಲ್ಲಿ ಕಸುಬಿನ ಹೆಸರುಗಳು ಇದೇ ಅಚ್ಚಿನಲ್ಲಿ ಬರುತ್ತವೆ. ಸುಗಂಧ ಮಾರುವವನು ಅತ್ತಾರ್, ನಾಣ್ಯ ವಿನಿಮಯ ಮಾಡುವವನು ಸರ್ರಾಫ್, ಡೇರೆ ಹೊಲಿಯುವವನು ಖಯ್ಯಾಮ್. ಉತ್ತರ ಕರ್ನಾಟಕದಲ್ಲಿ ಅತ್ತಾರ, ಸರಾಫ ಅಡ್ಡಹೆಸರಿನವರು ಎಷ್ಟು ಜನ ಇಲ್ಲ ಹೇಳಿ! ಬಹಮನಿ, ಆದಿಲ್‌ಶಾಹಿ ಕಾಲದಲ್ಲಿ ದರ್ಬಾರಿನ ಭಾಷೆ ಪರ್ಷಿಯನ್. ಬರೆಯುವವರು ಹತ್ತಿಯವನನ್ನು ತಮ್ಮ ಭಾಷೆಯ ಪದದಲ್ಲೇ ಬರೆದುಕೊಂಡರು. ಹೆಸರು ಅರಬ್ಬಿಯದು ಅಂದಮಾತ್ರಕ್ಕೆ ಜನ ಅರಬ್‌ ದೇಶದವರಾಗೋದಿಲ್ಲ. ತಹಶೀಲ್ದಾರ ಅನ್ನೋದೂ ಹೊರಗಿನ ಪದವೇ ಅಲ್ವಾ?

ತುಂಗಭದ್ರೆ ದಂಡೆ

ಪದಮೂಲ ಅವರು ದೂದೇಕುಲ ಬಿಟ್ಟುಬಿಟ್ಟರು. ನಾನು ಬಳ್ಳಾರಿ ಕಡೆಯವನು, ಹೇಳುತ್ತೇನೆ.

ತೆಲುಗಿನಲ್ಲಿ ದೂದಿ ಅಂದರೆ ಹತ್ತಿ, ಏಕು ಅಂದರೆ ಹಿಂಜು. ಹತ್ತಿ ಏಕುವವರು ದೂದೇಕುಲದವರು. ಕೇಳಿದವರು ‘ಕುಲ’ ಅನ್ನೋದನ್ನು ಜಾತಿ ಅಂದುಕೊಳ್ಳುತ್ತಾರೆ. ಆಂಧ್ರದಲ್ಲಿ ನೂರ್‌ಬಾಷಾ ಅಂತಲೂ ಕರೆಸಿಕೊಳ್ಳುತ್ತಾರೆ. ಲದ್ದಾಫ್ ಅಂತಲೂ ಕೇಳಿದ್ದೇನೆ, ಅದು ನದ್ದಾಫೇ. ಅಲ್ಲಿನವರ ಮನೆಮಾತು ತೆಲುಗು. ನಿಮ್ಮದು ಕನ್ನಡ. ಗಡಿಯ ಹಳ್ಳಿಗಳಲ್ಲಿ ಸೊಸೆ ತೆಲುಗಿನವಳು, ಅತ್ತೆ ಕನ್ನಡದವಳು. ಮದುವೆ ಮಾತುಕತೆಯಲ್ಲಿ ಯಾರೂ ಇದನ್ನೊಂದು ತೊಡಕು ಅಂದಿದ್ದು ನಾನು ಕಂಡಿಲ್ಲ.

ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಹೆಸರು ಕೇಳಿರುತ್ತೀರಿ. ಕಾಲಜ್ಞಾನ ಹೇಳಿದವರು. ಅವರು ಹುಟ್ಟಿನಿಂದ ವಿಶ್ವಕರ್ಮರು. ಅವರ ಪಟ್ಟಶಿಷ್ಯ ಸಿದ್ದಯ್ಯ ಕಡಪ ಸೀಮೆಯ ದೂದೇಕುಲದವನು. ಕಬ್ಬಿಣದ ಕೆಲಸದ ಕುಲದ ಗುರು, ಹತ್ತಿಯ ಕೆಲಸದ ಕುಲದ ಶಿಷ್ಯ. ಆ ಹೆಸರನ್ನು ದೂದೇಕುಲ ಸಿದ್ದಯ್ಯ ಅಂತ ಕಸುಬು ಸೇರಿಸಿಯೇ ಜನ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಈ ಕಥೆ ಹೇಳುವಾಗ ದನಿ ಏರುತ್ತಿತ್ತು.

ಉತ್ತರ ಭಾರತದಲ್ಲಿ ಇದೇ ಜನ ಧುನಿಯಾ, ಬೆಹನಾ, ಮನ್ಸೂರಿ. ರಾಜಸ್ಥಾನದ ಸಂತ ದಾದು ದಯಾಳ್ (1544–1603) ಧುನಿಯಾ ಮನೆತನದವನು ಅಂತಲೇ ಪರಂಪರೆ ಹೇಳುತ್ತದೆ.

ಮೈಸೂರಿನವಳು

ಮನ್ಸೂರಿ ಅಂದರೆ ಏನು? ಅದೂ ಹತ್ತಿಗೆ ಸಂಬಂಧಿಸಿದ ಪದವಾ?

ಪದಮೂಲ

ಪದ ಹತ್ತಿಯದಲ್ಲ ಮೇಡಂ, ವ್ಯಕ್ತಿ ಹತ್ತಿಯವನು. ಮನ್ಸೂರ್ ಅಲ್-ಹಲ್ಲಾಜ್ ಅನ್ನುವ ಸೂಫಿ. ‘ಅನಲ್‌ ಹಕ್’, ಅಂದರೆ ನಾನೇ ಸತ್ಯ ಅಂದವನು. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಅವನನ್ನು ಕೊಂದರು. ಹಲ್ಲಾಜ್ ಅಂದರೂ ಅರಬ್ಬಿಯಲ್ಲಿ ಹತ್ತಿ ಹಿಂಜುವವನೇ. ಅವನ ನಿಜ ಹೆಸರು ಹುಸೇನ್, ಮನ್ಸೂರ್ ಅನ್ನೋದು ಅವನ ತಂದೆಯ ಹೆಸರು. ಜನರ ಬಾಯಲ್ಲಿ ಅಪ್ಪನ ಹೆಸರೇ ಮಗನಿಗೆ ನಿಂತುಬಿಟ್ಟಿತು. ಭಾರತದ ಹತ್ತಿ ಹಿಂಜುವವರು ಅವನನ್ನು ತಮ್ಮ ಕಸುಬಿನ ಹಿರಿಯ ಅಂತ ಒಪ್ಪಿಕೊಂಡು ಮನ್ಸೂರಿ ಅಂತ ಕರೆದುಕೊಂಡರು.

ಕೌದಿ

ಎಲ್ಲರೂ ಪದದ ಬಗ್ಗೆ ಬರೆದಿದ್ದೀರಿ. ನಾನು ಕೆಲಸದ ಬಗ್ಗೆ ಬರೆಯುತ್ತೇನೆ. ನಾನು ಹಾವೇರಿ ಕಡೆಯ ಪಿಂಜಾರರ ಮನೆಯ ಹೆಣ್ಣುಮಗಳು. ಅಪ್ಪ ಬಿಲ್ಲು ಹಿಡಿದು ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದವಳು.

ಬಿಲ್ಲು ಅಂದರೆ ಬೇಟೆಯ ಬಿಲ್ಲು ನೆನೆಸಿಕೊಳ್ಳಬೇಡಿ. ಹೆಚ್ಚುಕಮ್ಮಿ ಆಳುದ್ದದ ಗಟ್ಟಿ ಮರ. ಒಂದು ತುದಿಗೆ ಅಗಲವಾದ ಹಲಗೆ. ಆ ತುದಿಯಿಂದ ಈ ತುದಿಗೆ ಬಿಗಿದ ತಂತಿ. ತಂತಿ ಅಂತ ಬಾಯಿಮಾತಿಗೆ ಅಂದರೂ ಅದು ಕಬ್ಬಿಣದ್ದಲ್ಲ, ಆಡು ಕುರಿಯ ಕರುಳನ್ನು ಹೊಸೆದು ಒಣಗಿಸಿದ್ದು. ಇಡೀ ಬಿಲ್ಲನ್ನು ಜಂತಿಗೆ ಹಗ್ಗ ಕಟ್ಟಿ ತೂಗುಹಾಕುತ್ತಿದ್ದರು. ಇಲ್ಲದಿದ್ದರೆ ಆ ಭಾರ ಹಿಡಿದು ಒಂದು ತಾಸೂ ಕೆಲಸ ಮಾಡೋಕಾಗಲ್ಲ. ಎಡಗೈ ಬಿಲ್ಲಿನ ನಡುವೆ. ಬಲಗೈಯಲ್ಲಿ ಎರಡೂ ತುದಿ ದಪ್ಪ ಇರುವ ಮರದ ಹಿಡಿ. ಅದರಿಂದ ತಂತಿಗೆ ಹೊಡೆದರೆ ಡಂಯ್ ಅಂತ ನಡುಗುತ್ತದೆ.

ಹತ್ತಿಗೆ ಯಾರೂ ಹೊಡೆಯೋದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಹೊಡೆತ ತಂತಿಗೆ. ನಡುಗುವ ತಂತಿಯನ್ನು ಹತ್ತಿಯ ರಾಶಿಗೆ ತಾಗಿಸುತ್ತಾರೆ. ಅದು ಮೇಲಿನ ಎಳೆಗಳನ್ನು ಎತ್ತಿ ಚಿಮ್ಮಿಸುತ್ತದೆ. ಕಸ, ಬೀಜದ ಚೂರು, ಮಣ್ಣು ಕೆಳಗೆ ಬೀಳುತ್ತದೆ. ಎಳೆ ಪಕ್ಕಕ್ಕೆ ಹಾರಿ ರಾಶಿಯಾಗುತ್ತದೆ. ತಂತಿ ಜಾಸ್ತಿ ಆಳಕ್ಕೆ ಹೋದರೆ ಹತ್ತಿ ಸುತ್ತಿಕೊಳ್ಳುತ್ತದೆ, ಮೇಲೆ ಉಳಿದರೆ ಏನೂ ಏಳೋದಿಲ್ಲ. ಆ ಎರಡರ ನಡುವಿನ ಅಳತೆ ಅಪ್ಪನ ಕಿವಿಯಲ್ಲಿತ್ತು. ದನಿ ಮಂದವಾದರೆ ಬಿಲ್ಲು ಸ್ವಲ್ಪ ಎತ್ತುತ್ತಿದ್ದರು. ಮಳೆಗಾಲದಲ್ಲಿ ಕೆಲಸವೇ ಇಲ್ಲ. ಹಸಿ ಹಿಡಿದ ಹತ್ತಿ ಹಿಂಜಲಿಕ್ಕೆ ಬರೋದಿಲ್ಲ, ಕರುಳಿನ ತಂತಿಯೂ ಸಡಿಲ ಬೀಳುತ್ತದೆ. ಬೇಸಿಗೆಯ ಮದುವೆ ಸುಗ್ಗಿಯೇ ನಮ್ಮ ಸುಗ್ಗಿ.

ಗಾದಿ ತುಂಬೋದು ಇನ್ನೊಂದು ಕೈಚಳಕ. ಗವಸನ್ನು ಒಳಮೈ ಹೊರಗೆ ಮಾಡಿ ನೆಲಕ್ಕೆ ಹಾಸುತ್ತಾರೆ. ಅದರ ಮೇಲೆ ಹಿಂಜಿದ ಹತ್ತಿ ಸಮನಾಗಿ ಹರಡುತ್ತಾರೆ. ಆಮೇಲೆ ಎರಡನ್ನೂ ಸೇರಿಸಿ ಚಾಪೆಯ ಹಾಗೆ ಸುತ್ತಿ, ಬಾಯಿಯ ಕಡೆಯಿಂದ ತಿರುವಿ ಎಳೆದರೆ ಹತ್ತಿ ಪೂರ್ತಿ ಒಳಗೆ, ಗವಸು ಹೊರಗೆ. ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಿಂದ ಅಲ್ಲಲ್ಲಿ ದಪ್ಪ ದಾರದ ಹೊಲಿಗೆ ಹಾಕುತ್ತಾರೆ. ಹೊಲಿಗೆ ತಪ್ಪಿದರೆ ವರ್ಷದೊಳಗೆ ಹತ್ತಿ ಗಂಟು ಕಟ್ಟಿ ಒಂದು ಮೂಲೆಗೆ ಸೇರುತ್ತದೆ. ಆಗ ಮತ್ತೆ ಬಿಚ್ಚಿ ಮತ್ತೆ ಹಿಂಜಬೇಕು. ಹಳೆಯ ಗಾದಿ ಬಿಚ್ಚೋದು ನಮಗೆ ಕಷ್ಟದ ಕೆಲಸ, ಧೂಳು ಅಷ್ಟು.

ಆ ಧೂಳಿನ ಬಗ್ಗೆಯೂ ಹೇಳಲೇಬೇಕು. ಹತ್ತಿಯ ಧೂಳಿನಿಂದ ಬರುವ ಶ್ವಾಸದ ಕಾಯಿಲೆಗೆ ಡಾಕ್ಟರುಗಳು ಬಿಸಿನೋಸಿಸ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ‘ಅವರಿಗೆ ದಮ್ಮು’ ಅಂತ ಮುಗಿಸುತ್ತಿದ್ದರು. ನಮ್ಮ ಅಡ್ಡಹೆಸರಿನ ಪರಂಪರೆ ಅಂತ ಬರೆಯುವವರು ಇದನ್ನೂ ಸೇರಿಸಿ ಬರೆಯಲಿ ಅನ್ನೋದು ನನ್ನ ಬೇಡಿಕೆ. ಬಿಲ್ಲಿನ ನಾದ ಮಾತ್ರ ಬರೆದರೆ ಅರ್ಧ ಮಾತ್ರ ಬರೆದ ಹಾಗೆ.

ಮುಳಗುಂದ ನಾಕಾ

ಕೌದಿ ಅಕ್ಕ, ಇದನ್ನು ಓದುತ್ತಾ ಅಪ್ಪನಿಗೆ ಫೋನ್ ಹಚ್ಚಿ ಜೋರಾಗಿ ಓದಿ ಹೇಳಿದೆ. ‘ಸುತ್ತಿ ತಿರುವೋದು ಖರೆ ಅದ, ನಮ್ಮಪ್ಪನೂ ಹಂಗ ಮಾಡತಿದ್ದ’ ಅಂದರು. ಈ ಕೆಲಸ ಇಷ್ಟು ವಿವರವಾಗಿ ನಮ್ಮ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಬಸವನಾಡು

ಒಂದು ಪ್ರಶ್ನೆ. ಬಿಲ್ಲಿನಿಂದ ಹತ್ತಿ ಹಿಂಜುವ ವಿದ್ಯೆಯೇ ಮುಸ್ಲಿಮರ ಜತೆ ಹೊರಗಿನಿಂದ ಬಂತು ಅಂತ ಎಲ್ಲೋ ಓದಿದ ನೆನಪು. ಹಾಗಿದ್ದರೆ ಕಸುಬೂ ಹೊರಗಿನದು, ಹೆಸರೂ ಹೊರಗಿನದು ಅಂತಾಯಿತಲ್ಲ?

ಹಳೆ ಪುಸ್ತಕ

ಇದರ ಬಗ್ಗೆ ಇತಿಹಾಸಕಾರರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಇರ್ಫಾನ್ ಹಬೀಬ್ ಅವರು 13–14ನೇ ಶತಮಾನದಲ್ಲಿ ಭಾರತದ ಜವಳಿ ಕೆಲಸದಲ್ಲಿ ಹೊಸ ಸಲಕರಣೆಗಳು ಬಂದವು ಅಂತ ವಾದಿಸಿದರು. ಅದರಲ್ಲಿ ಮುಖ್ಯವಾದದ್ದು ನೂಲುವ ಚರಕ. ಅವರು ಕೊಡುವ ಆಧಾರ ನಮಗೆ ಹತ್ತಿರದ್ದು. ಇಸಾಮಿ ಅನ್ನುವ ಕವಿ 1350ರಲ್ಲಿ ಮುಗಿಸಿದ ಪರ್ಷಿಯನ್ ಕಾವ್ಯ ಅದು. ಅದನ್ನು ಅವನು ಅರ್ಪಿಸಿದ್ದು ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಬಹಮನ್ ಷಾನಿಗೆ. ಅವನ ರಾಜಧಾನಿ ನಮ್ಮ ಕಲಬುರಗಿ. ರಜಿಯಾ ಸುಲ್ತಾನಳನ್ನು ಹಳಿಯುವಾಗ ಆ ಕವಿ, ಹೆಂಗಸಿಗೆ ಸಿಂಹಾಸನಕ್ಕಿಂತ ಚರಕವೇ ಲೇಸು ಅನ್ನುತ್ತಾನೆ. ಹೆಣ್ಣನ್ನು ಹೀಗಳೆಯುವ ಮಾತೊಂದು ಚರಕದ ಇತಿಹಾಸಕ್ಕೆ ಸಾಕ್ಷಿಯಾಗಿ ಉಳಿಯಿತು.

ಆದರೆ ಕನ್ನಡದವರಾದ ನಾವು ಅಲ್ಲಿಗೇ ನಿಲ್ಲಬಾರದು. 12ನೇ ಶತಮಾನದ ಕದಿರ ರೆಮ್ಮವ್ವೆ ಇದ್ದಾಳೆ. ನೂಲೋದೇ ಅವಳ ಕಾಯಕ. ಅವಳ ವಚನದಲ್ಲಿ ರಾಟೆ ಬರುತ್ತದೆ. ಸುಮ್ನೆ ಹೆಸರಿಗೆ ಬರೋದಲ್ಲ. ರಾಟೆಯ ಅಡಿಯ ಹಲಗೆ, ತೋರಣ, ಬೊಂಬೆ ಒಂದೊಂದನ್ನೂ ಹೆಸರಿಸಿ ದೇವರುಗಳಿಗೆ ಹೋಲಿಸುತ್ತಾಳೆ. ಕೈಯಲ್ಲಿ ರಾಟೆ ತಿರುಗಿಸಿದವರಿಗೆ ಮಾತ್ರ ಬರುವ ಮಾತು ಅದು. ದಕ್ಷಿಣ ಭಾರತದ ನೇಕಾರರ ಮೇಲೆ ಕೆಲಸ ಮಾಡಿದ ವಿಜಯಾ ರಾಮಸ್ವಾಮಿ ಅವರೂ ದಕ್ಷಿಣದ ಆಧಾರಗಳನ್ನು ಬಿಟ್ಟು ಹೀಗೆ ತೀರ್ಮಾನ ಮಾಡಬಾರದು ಅಂತ ವಾದಿಸಿದರು. ವಚನಗಳ ಹಸ್ತಪ್ರತಿಗಳು ತೀರಾ ತಡವಾದವು, ಅದನ್ನೇ ನಂಬಿ ಕಾಲ ನಿರ್ಣಯ ಮಾಡೋದು ಕಷ್ಟ ಅನ್ನುವ ಎದುರು ಮಾತೂ ಇದೆ. ಅದನ್ನೂ ತಳ್ಳಿಹಾಕೋಕಾಗಲ್ಲ.

ನನ್ನ ಮಾತು ಇಷ್ಟೇ. ಸಲಕರಣೆ ಎಲ್ಲಿಂದಲಾದರೂ ಬಂದಿರಲಿ, ಪಿಂಜು ಅನ್ನುವ ಕ್ರಿಯೆ ಈ ನೆಲದ ಭಾಷೆಯಲ್ಲಿ ಅದಕ್ಕೂ ಮೊದಲೇ ಇತ್ತು. ಕೈಯಿಂದಲೋ ಕೋಲಿನಿಂದಲೋ ಹತ್ತಿ ಬಿಡಿಸುವವರು ಇಲ್ಲಿ ಇದ್ದೇ ಇದ್ದರು. ಅವರಲ್ಲಿ ಎಷ್ಟೋ ಮನೆಗಳು ಮುಂದೆ ಸೂಫಿಗಳ ಪ್ರಭಾವದಿಂದ ಇಸ್ಲಾಮಿಗೆ ಬಂದಿರಬೇಕು. ಮನೆಮಾತು ಕನ್ನಡವೇ ಉಳಿದಿರೋದು ಅದಕ್ಕೆ ದೊಡ್ಡ ಸಾಕ್ಷಿ ಅಂತ ನಾನು ಭಾವಿಸುತ್ತೇನೆ. ಹೊರಗಿನಿಂದ ಬಂದ ಜನ ನಾಲ್ಕು ಪೀಳಿಗೆಯಲ್ಲಿ ಜೋಗುಳ ಮರೆಯೋದಿಲ್ಲ.

ಬಸವನಾಡು

ಒಪ್ಪಿದೆ ಸರ್. ನೀವು ರೆಮ್ಮವ್ವೆ ಅಂದ ಮೇಲೆ ಇನ್ನೊಂದು ಹೊಳೆಯಿತು. ಎಷ್ಟೋ ಶರಣರ ಹೆಸರಿನ ಮುಂದೆ ಕಸುಬೇ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಜೇಡರ ದಾಸಿಮಯ್ಯ, ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯ, ನುಲಿಯ ಚಂದಯ್ಯ. ಕಲ್ಯಾಣದಲ್ಲಿ ಕಸುಬು ಹೇಳಿಕೊಳ್ಳೋದು ಕೀಳರಿಮೆಯಾಗಿರಲಿಲ್ಲ, ಗುರುತಾಗಿತ್ತು. ಅಲ್ಲಿ ಕಸುಬು ಹೆಸರಿನ ಮುಂದೆ, ನಮ್ಮ ಕಾಲದಲ್ಲಿ ಹೆಸರಿನ ಹಿಂದೆ. ನದಾಫ ಅವರ ಹೆಸರನ್ನು ನಾನು ಆ ಸಾಲಿನಲ್ಲೇ ಇಡುತ್ತೇನೆ.

ಕೌದಿ

ಅಣ್ಣಾ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಶರಣರು ಆ ಹೆಸರನ್ನು ತಾವಾಗಿ ಎತ್ತಿ ಹಿಡಿದರು. ನಮಗೆ ಅದನ್ನು ಊರು ಹಚ್ಚಿತು. ‘ಏ ಪಿಂಜಾರಾ’ ಅಂತ ಕೂಗುವಾಗ ಅಪ್ಪನ ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ. ನನ್ನ ತಮ್ಮಂದಿರು ಪಿಂಜಾರ ತೆಗೆದು ನದಾಫ ಅಂತ ಬರೆಸಿಕೊಂಡದ್ದು ಅದಕ್ಕೇ. ಅರ್ಥ ಅದೇ ಆದರೂ ಕೂಗುವವರಿಗೆ ಅದು ಗೊತ್ತಿಲ್ಲ ಅನ್ನುವ ನೆಮ್ಮದಿ.

ಶಾಲೆ ಮಾಸ್ತರ

ನಾನು ಧಾರವಾಡ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಹೆಸರುಗಳು ಕಾಗದಕ್ಕೆ ಹೇಗೆ ಇಳಿದವು ಅನ್ನೋದಕ್ಕೆ ನಮ್ಮಂಥವರೇ ಕಾರಣ.

ಮೈಸೂರು ಸೀಮೆಯಲ್ಲಿ ಊರಿನ, ತಂದೆಯ ಮೊದಲಕ್ಷರ ಸಾಕು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಹಾಗಲ್ಲ. ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರೂ ಬೇಕು. ಹೆಸರು ಹಚ್ಚಲು ಬಂದ ತಂದೆಯನ್ನು ‘ಅಡ್ಡೆಸರು ಏನ್ರಿ?’ ಅಂತ ಕೇಳುತ್ತಿದ್ದೆವು. ಕೆಲವರಿಗೆ ಹಾಗೊಂದು ಇದೆ ಅನ್ನೋದೇ ಗೊತ್ತಿರುತ್ತಿರಲಿಲ್ಲ. ‘ಊರಾಗ ಏನಂತಾರ?’ ಅಂದರೆ ಕಸುಬು ಹೇಳುತ್ತಿದ್ದರು. ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ. ಮುಸ್ಲಿಮರಲ್ಲಿ ಹಣ್ಣು ಮಾರುವವರು ಬಾಗವಾನ, ಬಳೆಯವರು ಮನಿಯಾರ, ಎಲೆ ಮಾರುವವರು ತಾಂಬೋಳಿ, ಕತ್ತಿ ಮಸೆಯುವವರು ಶಿಕಲಗಾರ. ಹಿಂದೂ ಮುಸ್ಲಿಂ ಎರಡೂ ಮನೆಗಳಿಗೆ ಒಂದೇ ರೀತಿಯ ಹೆಸರಿಡುವ ಪದ್ಧತಿ ನಮ್ಮ ಕಡೆಯದು. ಇದನ್ನು ನಾನು ನಮ್ಮ ಸೀಮೆಯ ದೊಡ್ಡ ಗುಣ ಅಂತಲೇ ತಿಳಿದಿದ್ದೇನೆ.

ಒಬ್ಬ ಮಾಸ್ತರ ಪಿಂಜಾರ ಅಂತ ಬರೆದ, ಅವನ ನಂತರ ಬಂದವನು ನದಾಫ ಅಂತ ಬರೆದ. ಒಂದೇ ಮನೆಯ ಅಣ್ಣ ಪಿಂಜಾರ, ತಮ್ಮ ನದಾಫ ಆದದ್ದು ಹೀಗೆ. ಜಾತಿಯ ಅಂಕಣದಲ್ಲಿ ಕೆಲವರು ಬರೀ ‘ಮುಸಲ್ಮಾನ’ ಅಂತ ಬರೆದು ಮುಗಿಸಿದರು. ಅದು ಆಮೇಲೆ ಎಂಥ ತೊಡಕಾಯಿತು ಅನ್ನೋದನ್ನು ಅನುಭವಿಸಿದವರೇ ಹೇಳಬೇಕು.

ಪ್ರವರ್ಗ ಒಂದು

ನಾನು ಅನುಭವಿಸಿದವನು ಸರ್.

ಹೊರಗಿನವರಿಗೆ ಮೊದಲು ಹಿನ್ನೆಲೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರು ಸಾಮಾನ್ಯವಾಗಿ 2ಬಿ ಅನ್ನುವ ಗುಂಪಿನಲ್ಲಿ ಬರುತ್ತಾರೆ. ಆದರೆ ಪಿಂಜಾರ, ನದಾಫ ಪ್ರವರ್ಗ-1ರಲ್ಲಿ ಇದ್ದೇವೆ. ಬಹಳ ಹಿಂದುಳಿದ ಕಸುಬಿನ ಜನ, ಅಲೆಮಾರಿಗಳು ಇರುವ ಗುಂಪು ಅದು. ಪ್ರವರ್ಗ-1ಕ್ಕೆ ಆದಾಯದ ಮಿತಿ ಇಲ್ಲ. ಅಂದರೆ ಒಂದು ಅಡ್ಡಹೆಸರಿನ ಮೇಲೆ ಮಗುವಿನ ಸೀಟು, ಫೀಸು, ನೌಕರಿ ನಿಂತಿರುತ್ತದೆ.

ನನ್ನ ದಾಖಲೆಯಲ್ಲಿ ಮಾಸ್ತರು ಹೇಳಿದ ಹಾಗೆ ‘ಮುಸಲ್ಮಾನ’ ಅಂತ ಮಾತ್ರ ಇತ್ತು. ಕಚೇರಿಯಲ್ಲಿ ಕೇಳಿದರು: ಈಗ ನೀವು ಹತ್ತಿ ಹಿಂಜುತ್ತೀರಾ? ಇಲ್ಲ ಅಂದೆ. ಹಾಗಿದ್ದರೆ ಪಿಂಜಾರ ಹೇಗೆ? ಈ ಪ್ರಶ್ನೆಗೆ ನನಗೆ ಸಿಟ್ಟು ಬಂದದ್ದು ಇವತ್ತಿಗೂ ಹೋಗಿಲ್ಲ. ಕುಲಕರ್ಣಿ ಅಡ್ಡಹೆಸರಿನವರನ್ನು ಯಾರಾದರೂ ಈಗ ಊರಿನ ಲೆಕ್ಕ ಬರೆಯುತ್ತೀರಾ ಅಂತ ಕೇಳುತ್ತಾರಾ? ಫೋಮಿನ ಹಾಸಿಗೆ ಬಂದು, ಕರೆಂಟಿನ ಹಿಂಜುವ ಯಂತ್ರ ಬಂದು ಕಸುಬು ಹೋಯಿತು. ಕಸುಬು ಹೋದದ್ದೇ ನಾವು ಹಿಂದುಳಿಯಲು ಕಾರಣ. ಹೋದ ಕಸುಬನ್ನೇ ತೋರಿಸಿ ಅಂದರೆ ಎಲ್ಲಿಂದ ತರೋಣ?

ಕೊನೆಗೆ ಕೆಲಸ ಆದದ್ದು ಅಜ್ಜನ ಹಳೆಯ ಶಾಲಾ ದಾಖಲೆಯಿಂದ. ಅದರಲ್ಲಿ ಪಿಂಜಾರ ಅಂತ ಸ್ಪಷ್ಟವಾಗಿ ಇತ್ತು. ಕೌದಿ ಅಕ್ಕ, ನಿಮ್ಮ ನೋವು ನಿಜ. ಆದರೂ ಒಂದು ಮಾತು. ಹೆಸರು ಬದಲಿಸುವ ಮೊದಲು ಹಿರಿಯರ ದಾಖಲೆಗಳ ಪ್ರತಿ ತೆಗೆದಿಡಿ. ನಮ್ಮ ಕಡೆ ಕೆಲವರು ಪಿಂಜಾರ, ನದಾಫ ಎರಡೂ ಬಿಟ್ಟು ಶೇಖ್ ಅಂತ ಬರೆಸಿಕೊಂಡರು. ಮಕ್ಕಳ ಕಾಲಕ್ಕೆ ಅವರ ಕೈಯಲ್ಲಿ ಯಾವ ಕಾಗದವೂ ಉಳಿಯಲಿಲ್ಲ.

ಖಾದಿ ಅಂಗಡಿ

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಇಲ್ಲಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾಯಿತು. ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಧಾರವಾಡ ತಾಲ್ಲೂಕಿನ ಗರಗದಲ್ಲಿ ಧ್ವಜದ ಬಟ್ಟೆ ನೇಯುತ್ತಾರೆ. ಜನ ನೂಲುವವರನ್ನು ನೆನೆಯುತ್ತಾರೆ, ನೇಯುವವರನ್ನು ನೆನೆಯುತ್ತಾರೆ. ಅವರಿಬ್ಬರ ಮುಂಚೆ ಹಿಂಜುವವನು ಇದ್ದ. ಹಂಜಿ ಇಲ್ಲದೆ ಚರಕ ಬರೀ ಮರದ ಚಕ್ರ.

ಗಾಂಧೀಜಿಗೆ ಇದು ಮೊದಲೇ ಅರಿವಾಗಿತ್ತು. ಅವರಿಗಾಗಿ ಚರಕ ಹುಡುಕಲು ಹೊರಟ ಗಂಗಾಬೆನ್ ಅವರು ಬರೋಡ ಸಂಸ್ಥಾನದ ವಿಜಾಪುರದಲ್ಲಿ ಚರಕ ಹುಡುಕಿ ಕೊಟ್ಟ ಮೇಲೂ ಹಂಜಿಯದೇ ಚಿಂತೆ. ಮಿಲ್ಲಿನ ಹಂಜಿ ತರಿಸಿ ನೂಲೋದು ಗಾಂಧೀಜಿಗೆ ಸರಿಬರಲಿಲ್ಲ. ಆಗ ಗಂಗಾಬೆನ್ ಒಬ್ಬ ಹಿಂಜುವವನನ್ನು ಹುಡುಕಿದರು. ಅವನು ತಿಂಗಳಿಗೆ 35 ರೂಪಾಯಿ ಕೇಳಿದ. ಆ ಹೊತ್ತಿಗೆ ಯಾವ ಬೆಲೆಯೂ ಜಾಸ್ತಿ ಅನ್ನಿಸಲಿಲ್ಲ ಅಂತ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವನು ಹಿಂಜಿದ ಹತ್ತಿಯಿಂದ ಹಂಜಿ ಮಾಡೋದನ್ನು ಗಂಗಾಬೆನ್ ಹುಡುಗರಿಗೆ ಕಲಿಸಿದರು. ಆ ಹಿಂಜುವವನ ಹೆಸರು ಅಲ್ಲಿ ಬಂದಿಲ್ಲ.

ನಮ್ಮ ಕಡೆ ಈ ಜನ ಇಷ್ಟು ದಟ್ಟವಾಗಿರಲು ಕಾರಣ ಎರೆಭೂಮಿ. ಗದಗ, ಹುಬ್ಬಳ್ಳಿ, ನರಗುಂದ, ನವಲಗುಂದ, ಎಲ್ಲಿ ನೋಡಿದರೂ ಹತ್ತಿ. ನಮ್ಮ ನಾಟಿ ಹತ್ತಿಗೆ ಹೊರದೇಶದ ವ್ಯಾಪಾರಿಗಳು ಕುಮಟಾ ಹತ್ತಿ ಅಂತ ಹೆಸರಿಟ್ಟರು. ಅದು ಬೆಳೆದದ್ದು ಇಲ್ಲಿ, ಹಡಗು ಹತ್ತಿದ್ದು ಕುಮಟಾ ಬಂದರಲ್ಲಿ, ಅದಕ್ಕೆ ಆ ಹೆಸರು. 1840ರ ದಶಕದಲ್ಲಿ ಬ್ರಿಟಿಷರು ಇಲ್ಲಿ ಅಮೆರಿಕದ ಹತ್ತಿ ಹಾಕಿಸಿದರು, ಬೀಜ ಬಿಡಿಸುವ ಯಂತ್ರ ತಂದರು. ಅದಕ್ಕೆ ಮೊದಲು ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಹಾಗೆ ಬಿಡಿಸಿದ ಅರಳೆ ಪಿಂಜಾರನ ಬಿಲ್ಲಿಗೆ ಬರುತ್ತಿತ್ತು. ಯಂತ್ರ ಮೊದಲು ಆ ಹೆಣ್ಣುಮಕ್ಕಳ ಕೆಲಸ ಕಿತ್ತುಕೊಂಡಿತು. ಮಿಲ್ಲುಗಳು ಬಂದ ಮೇಲೆ ನೂಲಿನ ಹತ್ತಿ ಹಿಂಜುವ ಕೆಲಸವೂ ಹೋಯಿತು. ಪಿಂಜಾರರ ಪಾಲಿಗೆ ಉಳಿದದ್ದು ಗಾದಿ, ದಿಂಬು, ಲೋಡು. ನೂಲಿನ ಮೂಲದಲ್ಲಿದ್ದವರು ಹಾಸಿಗೆಯವರಾದರು. ಫೋಮು ಬಂದ ಮೇಲೆ ಅದೂ ಹೋಯಿತು.

ಮೈಸೂರಿನವಳು

ನಮ್ಮ ಬೀದಿಗೆ ಹಿಂದೆ ಹಾಸಿಗೆ ಹೊಲಿಯುವವರು ಬರುತ್ತಿದ್ದರು. ಭುಜದ ಮೇಲಿನ ಬಿಲ್ಲಿನ ತಂತಿ ಮೀಟುತ್ತಾ ಬರುತ್ತಿದ್ದರು, ಕೂಗುವ ಅಗತ್ಯವೇ ಇರಲಿಲ್ಲ. ನಾವು ಮಕ್ಕಳು ಅದನ್ನು ವಾದ್ಯ ಅಂದುಕೊಂಡಿದ್ದೆವು. ಅವರು ಯಾರು, ಎಲ್ಲಿಯವರು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಈ ಚರ್ಚೆ ಓದಿದ ಮೇಲೆ ಅದು ನನಗೆ ಬಹಳ ಚುಚ್ಚುತ್ತಿದೆ.

ತುಂಗಭದ್ರೆ ದಂಡೆ

ಹಿಂಜೋದರ ಬಗ್ಗೆ ಇನ್ನೊಂದು ಮಾತು ಹೇಳಬೇಕು ಅನ್ನಿಸಿತು. ಕುರ್‌ಆನಿನ 101ನೇ ಅಧ್ಯಾಯ ಅಲ್-ಖಾರಿಅ. ಕೊನೆಯ ದಿನ ಬೆಟ್ಟಗಳು ಹಿಂಜಿದ ಉಣ್ಣೆಯ ಹಾಗೆ ಹಾರುತ್ತವೆ ಅಂತ ಅಲ್ಲಿ ಬರುತ್ತದೆ. ನಮ್ಮ ಅಜ್ಜ ಓದು ಬರಹ ಬಾರದವರು. ಮೌಲ್ವಿಗಳು ಇದರ ಅರ್ಥ ಹೇಳಿದ ದಿನ ಅವರು ಮನೆಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಂತೆ: ನಮ್ಮ ಕೆಲಸ ಕಿತಾಬಿನಲ್ಲಿದೆ. ಅಪ್ಪ ಇದನ್ನು ಹೇಳುವಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಾರೆ.

ಕೌದಿ

ಇದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಪ್ರವರ್ಗ ಒಂದು ಅವರ ಸಲಹೆ ಸರಿ ಇದೆ. ತಮ್ಮಂದಿರಿಗೆ ಇವತ್ತೇ ಹೇಳುತ್ತೇನೆ. ಹೆಸರು ಬದಲಿಸಿದ್ದಕ್ಕೆ ನಾನು ಅವರನ್ನು ಬೈಯೋದಿಲ್ಲ. ನನ್ನದನ್ನು ಮಾತ್ರ ನಾನು ಪಿಂಜಾರ ಅಂತಲೇ ಇಟ್ಟುಕೊಂಡಿದ್ದೇನೆ. ಮದುವೆಯಾದ ಮೇಲೂ ಬಿಟ್ಟಿಲ್ಲ.

ಶಾಲೆ ಮಾಸ್ತರ

ದಾಖಲೆ ಹುಡುಕುವವರಿಗೆ ಒಂದು ಮಾತು. ಅಜ್ಜನ ಶಾಲಾ ದಾಖಲೆ ಸಿಗದಿದ್ದರೆ ಅದೇ ಊರಿನ ಶಾಲೆಯ ಹಳೆಯ ಜನರಲ್ ರಿಜಿಸ್ಟರ್‌ನಲ್ಲಿ ಅಜ್ಜನ ಅಣ್ಣತಮ್ಮಂದಿರ ಹೆಸರು ನೋಡಿ. ಮಾಸ್ತರ ಬದಲಾದಂತೆ ಬರೆಯುವ ರೀತಿ ಬದಲಾಗಿರುತ್ತದೆ. ಒಬ್ಬರದರಲ್ಲಿ ಇಲ್ಲದ್ದು ಇನ್ನೊಬ್ಬರದರಲ್ಲಿ ಇರುತ್ತದೆ. ಹಳೆಯ ಪುಟಗಳು ಕೆಲವು ಕಡೆ ಮೋಡಿ ಲಿಪಿಯಲ್ಲಿವೆ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದಲ್ಲಿ. ಓದಲು ಬಾರದು ಅಂತ ಬಿಟ್ಟು ಬರಬೇಡಿ, ಫೋಟೋ ತೆಗೆದುಕೊಳ್ಳಿ. ಓದುವವರು ಇನ್ನೂ ಇದ್ದಾರೆ.

ಮುಳಗುಂದ ನಾಕಾ

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳಿಗೆ ಏನು ಹೇಳಬೇಕು ಅನ್ನೋದು ಈಗ ಗೊತ್ತಾಯಿತು. ಅರಬ್ಬಿ, ಮರಾಠಿ, ತೆಲುಗು ಮೂರರಲ್ಲೂ ನಮ್ಮ ಹೆಸರು ಒಂದೇ ಕೆಲಸದ ಹೆಸರು. ಆ ಕೆಲಸಕ್ಕೆ ಕನ್ನಡದಲ್ಲಿ ಹಿಂಜೋದು ಅಂತಾರೆ, ಅದು ನಮ್ಮ ಮನೆಯ ಮಾತು ಅಂತ ಹೇಳುತ್ತೇನೆ. ಜತೆಗೆ ಕೌದಿ ಅಕ್ಕ ಹೇಳಿದ ದಮ್ಮಿನ ವಿಷಯವನ್ನೂ ಬಿಡೋದಿಲ್ಲ.

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅಪ್ಪನ ಜತೆ ಕೂತು ಈ ಕೆಲಸದ ಮಾತುಗಳನ್ನೆಲ್ಲ ಬರೆದಿಡಬೇಕು ಅಂತಿದ್ದೇನೆ. ಬಿಲ್ಲಿನ ತುದಿಯ ಹಲಗೆಗೆ ಏನಂತಾರೆ? ತಂತಿಗೆ ಹೊಡೆಯುವ ಆ ಮರದ ಹಿಡಿಗೆ ಏನಂತಾರೆ? ಕೆಳಗೆ ಬೀಳುವ ಕಸಕ್ಕೆ ಬೇರೆ ಹೆಸರಿದೆಯಾ? ಊರೂರಿಗೂ ಬೇರೆ ಇರುತ್ತದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರು ಸೇರಿಸಿ ಇಲ್ಲೇ ಕೆಳಗೆ ಬರೆಯಿರಿ. ಬಳ್ಳಾರಿ ಕಡೆಯವರು ತೆಲುಗಿನ ಹೆಸರನ್ನೂ ಕೊಡಿ.